ಬೈಗುಳಕ್ಕೆ ಬಗ್ಗುವ ದಾಳ

ಹೊಲಿಗೆ ಅಂಗಡಿ ನಡೆಸುವ ಅಕ್ಕನಿಗೆ ಜಗತ್ತಿನಲ್ಲಿ ಏನೂ ತಿಳಿಯದಿದ್ದರೂ ಇದೊಂದು ತಿಳಿದಿತ್ತು: ತಂಗಿಗೆ ಬೈದರೆ ಕೆಲಸ ನೆಟ್ಟಗಾಗುತ್ತದೆ, ಹೊಗಳಿದರೆ ಕೆಡುತ್ತದೆ. ಕಾಲರ್ ಹೊಲಿಯುವುದು ತಂಗಿಯ ಕೆಲಸ. ಬಿಚ್ಚಿ ಮತ್ತೆ ಹೊಲಿಯಬೇಕಾದ ಪ್ರತಿ ಕಾಲರಿಗೂ ಅಕ್ಕ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದಳು. ಏಳು ಗೀಟು ಬಿದ್ದ ದಿನ ತಂಗಿಯ ಮುಖದ ನೀರಿಳಿಸಿದರೆ ಮರುದಿನ ಎರಡೇ ಗೀಟು. ಒಂದೂ ಬೀಳದ ದಿನ ಬೆನ್ನು ತಟ್ಟಿದರೆ ಮರುದಿನ ನಾಲ್ಕು. ಇನ್ನೇನು ಬೇಕು ಸಾಕ್ಷಿ? ಹೊಗಳುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಈಗ ತಂಗಿ, ಸೋಮವಾರದಿಂದ ಬೇರೆ ಅಂಗಡಿಗೆ ಹೋಗುತ್ತೇನೆ ಎಂದುಬಿಟ್ಟಿದ್ದಳು. ಅಲ್ಲಿ ಬೈಯುವವರಿಲ್ಲದೆ ಅವಳ ಕೈ ಕೆಟ್ಟೇ ಹೋಗುತ್ತದೆ ಎಂದು ಅಕ್ಕ ಮಗಳ ಮುಂದೆ ಗೊಣಗಿದಳು. ಒಳಗೆ ಅಳುವೇ ಬರುತ್ತಿತ್ತು.

ಕಾಲೇಜಿನಲ್ಲಿ ವಿಜ್ಞಾನ ಓದುವ ಮಗಳು ಒಂದು ದಾಳ ತಂದಿಟ್ಟು, ಕಡಿಮೆ ಬಿದ್ದರೆ ಬೈಯಿ, ಜಾಸ್ತಿ ಬಿದ್ದರೆ ಹೊಗಳು ಎಂದಳು. ಒಂದು ಬಿತ್ತು. ಅಕ್ಕ ಚೆನ್ನಾಗಿ ಉಗಿದಳು, ನಾಲ್ಕು ಬಿತ್ತು. ಆರು ಬಿದ್ದಾಗ ಭೇಷ್ ಎಂದಳು, ಎರಡಕ್ಕಿಳಿಯಿತು. ಅರ್ಧ ಗಂಟೆ ಆಡಿದರೂ ಹೆಚ್ಚುಕಡಿಮೆ ಅದೇ ಹಾಡು.

"ದಾಳಕ್ಕೇನು ಕಿವಿ ಇದೆಯಾ ಅಮ್ಮ?" ಎಂದಳು ಮಗಳು. "ತೀರಾ ಕೆಟ್ಟದ್ದು ಬಿದ್ದಮೇಲೆ ಮುಂದಿನದು ಸಾಮಾನ್ಯವಾಗಿ ಅದಕ್ಕಿಂತ ವಾಸಿನೇ ಇರುತ್ತೆ. ನೀನು ಬೈದರೂ ಅಷ್ಟೆ, ಬಿಟ್ಟರೂ ಅಷ್ಟೆ. ಚಿಕ್ಕಮ್ಮನ ಕಾಲರೂ ಹಾಗೇ ಇರಬಹುದಲ್ವಾ?"

ಅಕ್ಕನ ತಲೆ ಗಿರ್ರೆಂದಿತು. ಮನುಷ್ಯರು ಬೇರೆ, ದಾಳ ಬೇರೆ ಎಂದು ವಾದಿಸಿದಳು. ಹಾಗಾದರೆ ಹನ್ನೊಂದು ವರ್ಷ ಗಂಟಲು ಹರಿದುಕೊಂಡಿದ್ದು ಯಾವ ಸುಖಕ್ಕೆ?

ಶುಕ್ರವಾರ ಎಂಟು ಗೀಟು ಬಿತ್ತು. ಅಕ್ಕ ಹಲ್ಲು ಕಚ್ಚಿಕೊಂಡು ಬೈಯದೆ ಬಿಟ್ಟಳು. ಶನಿವಾರ ಒಂದೂ ಇಲ್ಲ! ಅವಳಿಗೆ ಖುಷಿಯಾಯಿತೋ ಸಂಕಟವಾಯಿತೋ ಅವಳಿಗೇ ಗೊತ್ತಾಗಲಿಲ್ಲ. ಸಂಜೆ ಕೊನೆಯ ಕಾಲರನ್ನು ಕೈಯಲ್ಲಿ ಹಿಡಿದು, ಅಭ್ಯಾಸ ತಪ್ಪಿದ ನಾಲಿಗೆಯಲ್ಲಿ ಹೇಳಿದಳು: "ತುಂಬಾ ಚೆನ್ನಾಗಿ ಹೊಲಿದಿದೀಯ ಕಣೇ."

ತಂಗಿಯ ಮುಖ ಬಿಳಿಚಿಕೊಂಡಿತು. ಕಾಲರ್ ಇಸಿದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಎಲ್ಲಿ ತಪ್ಪಾಗಿದೆ ಹೇಳಕ್ಕ. ಹೋಗೋಕೆ ಮುಂಚೆ ಸರಿಮಾಡಿ ಕೊಡ್ತೀನಿ."

ತಪ್ಪೇ ಇಲ್ಲ ಎಂದು ಅಕ್ಕ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚತೊಡಗಿದಳು. ಈ ಗೀಟನ್ನು ಯಾರ ಹೆಸರಿಗೆ ಎಳೆಯಬೇಕೆಂದು ತೋಚದೆ ಅಕ್ಕ ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಂತಳು.