ಒಂದೇ ಬಾಗಿಲಿನ ಇಬ್ಬರು

ನನ್ನ ಬಾಲ್ಯ ಎಂದರೆ ಏಲಕ್ಕಿಯ ವಾಸನೆ. ಶನಿವಾರ ಅಮ್ಮ ಹಿಟ್ಟನ್ನು ಜಡೆಯ ಹಾಗೆ ಹೆಣೆದು ಬ್ರೆಡ್ ಬೇಯಿಸುವಾಗ ಮನೆಯೆಲ್ಲ ಅದೇ ಘಮ. ಗಣಿಯಿಂದ ಬಂದ ಅಪ್ಪ ಕೆಂಪು ಧೂಳಿನ ಬೂಟುಗಳನ್ನು ಹೊರಗೆ ಬಿಟ್ಟು, ಹೊಸ್ತಿಲಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡೇ ಒಳಗೆ ಬರುತ್ತಿದ್ದ. ಏಲಕ್ಕಿ ಇಡುತ್ತಿದ್ದ ನೀಲಿ ತಗಡಿನ ಡಬ್ಬಿ ಕೊನೆಗೆ ನನ್ನ ಪಾಲಿಗೆ ಬಂತು. ನಾನು ಬ್ರೆಡ್ ಮಾಡುವವಳಲ್ಲ, ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು. ಹಾಗಾಗಿ ಅದನ್ನು, ನಾನೂ ಕೈಜೋಡಿಸುತ್ತಿದ್ದ, ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಕೊಟ್ಟೆ. ಮನೆಯಿಂದ ಹೊರಗೆ ಬರಲಾಗದ ವಯಸ್ಸಾದವರಿಗೆ ಅಲ್ಲಿಂದ ದಿನವೂ ಮಧ್ಯಾಹ್ನದ ಊಟ ಹೋಗುತ್ತದೆ. ಯಾರಿಗೆ, ಎಲ್ಲಿಗೆ, ಏನು ಎಂದು ಬರೆದ ಕಾರ್ಡುಗಳು ಆ ಡಬ್ಬಿಯಲ್ಲಿದ್ದವು. ಹತ್ತು ವರ್ಷ ಕಳೆದರೂ ಕಾರ್ಡು ಎತ್ತಿದರೆ ಅಮ್ಮನ ಅಡುಗೆಮನೆ ನೆನಪಾಗುತ್ತಿತ್ತು.

೧೯೮೮ರ ಚಳಿಗಾಲದಲ್ಲಿ ಯಾರೋ ಪುಣ್ಯಾತ್ಮರು ನಮಗೊಂದು ಕಂಪ್ಯೂಟರ್ ಕೊಟ್ಟರು. ನಮ್ಮಲ್ಲಿ ಯಾರಿಗೂ ಅದನ್ನು ಮುಟ್ಟಲು ಧೈರ್ಯವಿರಲಿಲ್ಲ. ಎಪ್ಪತ್ತೊಂದು ವರ್ಷ ವಯಸ್ಸಿನ ನಾನು ಊರಿನ ಕಾಲೇಜಿನಲ್ಲಿ ಡೇಟಾಬೇಸ್ ತರಗತಿಗೆ ಸೇರಿದೆ. ಕಲಿಸುತ್ತಿದ್ದವಳು ರೋಸಾನ್ ಪ್ರೆಬಿಚ್, ನನ್ನ ಹಳೆಯ ವಿದ್ಯಾರ್ಥಿನಿಯ ಮಗಳು.

"ಪಟ್ಟಿ ಮಾಡೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ," ಎಂದಳು. "ನಿಮ್ಮ ಪಟ್ಟೀಲಿ ಒಂದು ಸಾಲು ಅಂದ್ರೆ ಏನು? ಯಾವುದರ ಬಗ್ಗೆ ಆ ಸಾಲು?"

"ಮನೆ," ಎಂದೆ.

ನಮ್ಮ ಅಡುಗೆಮನೆಯಲ್ಲಿ ಎಲ್ಲರೂ ಬಾಗಿಲುಗಳ ಲೆಕ್ಕದಲ್ಲೇ ಮಾತಾಡುವುದು. ಕಾರಿನಲ್ಲಿ ಊಟ ಹಂಚುವ ವೆಂಡೆಲ್ "ಇವತ್ತು ಇಪ್ಪತ್ತಾರು ಬಾಗಿಲು" ಎನ್ನುತ್ತಾನೆಯೇ ಹೊರತು ಇಪ್ಪತ್ತಾರು ಜನ ಎನ್ನುವುದಿಲ್ಲ. ಗಂಡ ಹೆಂಡತಿ ಇದ್ದರೆ ಒಂದೇ ಕಾರ್ಡು, "ಊಟ: ಎರಡು" ಎಂದು ಬರೆದರಾಯಿತು.

"ಸರಿ. ಒಂದು ಸಾಲು ಇನ್ನೊಂದರ ಹಾಗೆ ಇರಬಾರದು, ಅದಕ್ಕೊಂದು ಗುರುತು ಬೇಕು. ಏನಿಡ್ತೀರಿ?"

"ವಿಳಾಸ."

ಅವಳು ಪೆನ್ಸಿಲ್ ಕಚ್ಚಿದಳು. "ಒಂದೇ ವಿಳಾಸದಲ್ಲಿ ಎರಡು ಸಂಸಾರ ಇದ್ರೆ?"

"ಈ ಊರಿನ ಭೂಪಟಾನ ನಿನ್ನಮ್ಮನ ಕೈಲಿ ಬರೆಸಿದೋಳು ನಾನು," ಎಂದೆ. "ಅಂಥ ಮನೆ ಇಲ್ಲಿಲ್ಲ ಕಣಮ್ಮ."

ಅವಳು ನಕ್ಕಳು.

ಫೆಬ್ರವರಿಯ ಕೊನೆಯ ವಾರ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದೆ. ಮೊದಲು ವಿಳಾಸ, ಆಮೇಲೆ ಹೆಸರು. ಮೂರನೇ ಬೀದಿಯ ೨೧೪ನೇ ಮನೆಯ ವಿಳಾಸ ಬರೆದಾಗ ಯಂತ್ರ ಕೀಂ ಎಂದಿತು. ಈ ಸಾಲು ಆಗಲೇ ಇದೆ, ಇನ್ನೊಂದಕ್ಕೆ ಜಾಗವಿಲ್ಲ ಎಂದು ಅದರ ಅರ್ಥ. ನಮ್ಮ ಅಡುಗೆಯ ಯಜಮಾನಿ ಲೆಂಪಿಗೆ ಕಾರ್ಡು ಕಾಣದಿದ್ದರೆ ಹುಡುಕದೆ ಹೊಸದು ಬರೆಯುವ ಅಭ್ಯಾಸವಿತ್ತು. ಅಂಥ ಎರಡೆರಡು ಕಾರ್ಡುಗಳು ಬೆಳಗಿನಿಂದ ನಾಲ್ಕು ಸಿಕ್ಕಿದ್ದವು. ಇದು ಐದನೆಯದು ಎಂದುಕೊಂಡು ಡಬ್ಬಿಯ ಹಿಂಭಾಗಕ್ಕೆ ತುರುಕಿದೆ. ಹೆಸರು ಓದಲಿಲ್ಲ.

ಕಂಪ್ಯೂಟರ್ ಅಚ್ಚು ಮಾಡಿಕೊಟ್ಟ ಹಾಳೆ ನೋಡಿಕೊಂಡು ವೆಂಡೆಲ್ ಊಟ ಹಂಚತೊಡಗಿ ಮೂರು ವಾರ ಕಳೆಯಿತು. ಹಿಂದಿನ ದಿನದ ಟ್ರೇಗಳನ್ನು ಮನೆಯವರು ತೊಳೆದು ವಾಪಸ್ಸು ಕಳಿಸುವುದು ನಮ್ಮಲ್ಲಿ ವಾಡಿಕೆ. ಅವನ್ನು ಎಣಿಸುತ್ತಿದ್ದ ಲೆಂಪಿ ನನ್ನನ್ನು ಕರೆದಳು.

"ಐಲಿ, ಬಾರೇ ಇಲ್ಲಿ. ನಮ್ಮ ಐನೋ ಮುದುಕನಿಗೆ ಯಾರೋ ಗೆಳತಿ ಸಿಕ್ಕಿದಾಳೆ."

೨೧೪ರಿಂದ ಬಂದ ಟ್ರೇ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರೊಳಗೆ ಕಾಗದದ ನ್ಯಾಪ್ಕಿನ್ನನ್ನು ಪುಟ್ಟ ದೋಣಿಯಂತೆ ಮಡಿಸಿ ಇಡಲಾಗಿತ್ತು.

"ಐನೋ ಮಡಿಸಿದ್ದಾ ಇದು? ತೋಳಲ್ಲಿ ಬಾಯಿ ಒರೆಸ್ಕೊಳ್ಳೋ ಗಂಡಸು!" ಎಂದು ಲೆಂಪಿ ನಕ್ಕಳು.

"ಗೆಳತಿ ಸಿಕ್ಕಿದ್ರೆ ಅಷ್ಟು ಸಣ್ಣ ಆಗ್ತಿದ್ನಾ?" ಎಂದ ವೆಂಡೆಲ್. "ಬೆಲ್ಟಿಗೆ ಹೊಸ ತೂತು ಕೊರ್ಕೊಂಡಿದಾನೆ, ನೋಡಿದೆ."

ಲೆಂಪಿ ನಗು ನಿಲ್ಲಿಸಿದಳು. "ಮತ್ತೆ ಮೀಲ್ಕಾ? ಅವಳ ಟ್ರೇ ಎಲ್ಲಿ? ಜನವರೀಲಿ ಅವನ ಮನೆ ಮಹಡಿಗೆ ಬಾಡಿಗೆಗೆ ಬಂದ್ಲಲ್ಲ. ನಾನೇ ಕಾರ್ಡು ಬರೆದೆ."

"ನನ್ನ ಹಾಳೇಲಿ ಆ ಮನೆಗೆ ಒಂದೇ ಊಟ," ಎಂದ ವೆಂಡೆಲ್.

ನಾನು ಡಬ್ಬಿ ಎಳೆದುಕೊಂಡು ಮುಚ್ಚಳ ತೆಗೆದೆ. ಡಬ್ಬಿಯ ಹಿಂಭಾಗದಲ್ಲಿ ಅದು ಹಾಗೇ ಇತ್ತು, ಏಲಕ್ಕಿ ವಾಸನೆಯ ಕಾರ್ಡು. ಮೀಲ್ಕಾ ಡ್ರಾಜಿಚ್, ಮೂರನೇ ಬೀದಿ, ೨೧೪. ಕಣ್ಣು ಮಂದ. ಊಟ: ಒಂದು.

ವೆಂಡೆಲ್ ನನ್ನನ್ನು ಆಗಲೇ ಕಾರಿನಲ್ಲಿ ಕರೆದುಕೊಂಡು ಹೋದ. ಐನೋ, ಪೂರ್ತಿ ಹೆಸರು ಐನೋ ಸಾರಿ, ನನ್ನ ಜೊತೆ ಐದನೇ ತರಗತಿಯಲ್ಲಿ ಓದಿದವನು. ಬಾಗಿಲು ತೆಗೆದಾಗ ಅವನ ಅಂಗಿಯ ಕೊರಳಿನಲ್ಲಿ ಎರಡು ಬೆರಳು ತೂರುವಷ್ಟು ಜಾಗವಿತ್ತು.

"ಮಧ್ಯಾಹ್ನ ಏನ್ ತಿಂದೆ?" ಎಂದು ಕೇಳಿದೆ.

"ನೀನಿನ್ನೂ ಟೀಚರೇ ಅಲ್ವಾ? ಬಿಸ್ಕತ್ತು."

"ನಮ್ಮ ಊಟ?"

ಅವನು ಮೇಲಕ್ಕೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಅವಳಿಗೆ ಒಲೆ ಹಚ್ಚೋಕೆ ಭಯ ಕಣೆ, ಉರಿ ಕಾಣ್ಸಲ್ಲ. ಇದ್ದಕ್ಕಿದ್ದ ಹಾಗೆ ಒಂದೇ ಊಟ ಬರೋಕೆ ಶುರುವಾಯ್ತು. ಅದನ್ನ ಮೇಲೆ ಕೊಟ್ಟು ಬರ್ತೀನಿ."

"ಫೋನ್ ಮಾಡಬಾರದಾ ಮಾರಾಯ?"

"ನಿಮ್ಮಲ್ಲಿ ಸಾಮಾನಿಗೆ ತತ್ವಾರ ಅಂದ್ಕೊಂಡೆ. ಕೇಳಿದ್ರೆ, ಇಬ್ಬರಲ್ಲಿ ಒಬ್ಬರು ಬಿಡಿ ಅಂತೀರಿ. ಅವಳು ಹೊಸಬಳು, ಅವಳ ಹೆಸರೇ ಮೊದಲು ಹೋಗೋದು."

"ಇನ್ಸುಲಿನ್ ಚುಚ್ಕೊಂಡು ಬಿಸ್ಕತ್ತು ತಿಂತೀಯಲ್ಲ, ತಲೆ ಸುತ್ತಿ ಬಿದ್ರೆ?"

"ಒಂದ್ಸಲ ಬಿದ್ದೆ. ರಗ್ಗು ಮೆತ್ತಗಿದೆ." ಅವನು ನಗಲು ನೋಡಿದ. ನನ್ನ ಮುಖ ಕಂಡು ನಗು ಕೈಬಿಟ್ಟ. "ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ತಿನ್ನಲ್ಲ."

ಕಾರಿನಲ್ಲಿದ್ದ ವೆಂಡೆಲ್‌ನ ಸ್ವಂತ ಬುತ್ತಿಯನ್ನು ಐನೋಗೆ ತಿನ್ನಿಸಿಯೇ ಹೊರಟೆವು. ವೆಂಡೆಲ್ ತನಗೆ ಹಸಿವೇ ಇಲ್ಲವೆಂದು ಮೂರು ಸಲ ಹೇಳಿದ.

ನಾನು ಫೋನ್ ಮಾಡಿ ಕರೆದದ್ದಕ್ಕೆ ಸಂಜೆ ನಾಲ್ಕಕ್ಕೆ ರೋಸಾನ್ ಅಡುಗೆಮನೆಗೆ ಬಂದಳು. ತಪ್ಪು ನನ್ನದು, ನೀನು ಅಂದೇ ಕೇಳಿದ್ದೆ ಎಂದೆ. ಅವಳು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೇಳಿದಳು, "ಸಕ್ಕರೆ ಕಾಯಿಲೆ ಮನೆಗಿರುತ್ತಾ, ಮನುಷ್ಯನಿಗಿರುತ್ತಾ?"

"ಮನುಷ್ಯನಿಗೆ."

"ಹಸಿವು?"

"ಮನುಷ್ಯನಿಗೆ."

"ಹಿತ್ತಲ ಬಾಗಿಲು ಬಡೀಬೇಕು, ನಾಯಿ ಇದೆ ಅನ್ನೋದು?"

"ಅದು ಮನೆಗೆ."

"ಹಾಗಾದ್ರೆ ಎರಡು ಪಟ್ಟಿ."

ಮನೆಗಳದೊಂದು ಪಟ್ಟಿ, ಜನರದೊಂದು ಪಟ್ಟಿ. ಪ್ರತಿಯೊಬ್ಬರಿಗೂ ಅವರದೇ ಒಂದು ಸಂಖ್ಯೆ, ಮನೆ ಬದಲಿಸಿದರೂ ಅದು ಅವರ ಜೊತೆಗೇ ಹೋಗುತ್ತದೆ. ಅವರ ಸಾಲಿನಲ್ಲಿ ಈಗ ಯಾವ ಮನೆಯಲ್ಲಿದ್ದಾರೆ ಎಂಬ ಗುರುತು ಮಾತ್ರ. ಒಂದು ಮನೆಗೆ ಎಷ್ಟು ಜನ ಬೇಕಾದರೂ ಸೇರಬಹುದು, ಯಂತ್ರ ಬೇಡ ಎನ್ನುವುದಿಲ್ಲ. "ಊಟ ಎಷ್ಟು" ಎಂದು ಬರೆದಿಡುವ ಅಗತ್ಯವೇ ಇಲ್ಲ, ಜನರನ್ನು ಎಣಿಸಿದರೆ ಸಾಕು.

ಅವಳು ಕಾರ್ಡು ಓದಿದಳು, ನಾನು ಬರೆದೆ. ಈ ಸಲ ಹೆಸರು ಮೊದಲು. ಅಲ್ಲೊಂದು ತೊಡಕು ಬಂತು. ಹನ್ನೊಂದು ಕಾರ್ಡುಗಳಲ್ಲಿ ಗಂಡನ ಹೆಸರಿನ ಪಕ್ಕ "ಮತ್ತು ಹೆಂಡತಿ" ಎಂದಷ್ಟೇ ಇತ್ತು. ಲೆಂಪಿ ಕ್ಯಾರೆಟ್ ಹೆಚ್ಚುತ್ತಲೇ ಹನ್ನೊಂದು ಹೆಸರುಗಳನ್ನೂ ಹೇಳಿದಳು. ಇಬ್ಬರಿಗೆ ಅವರ ತವರಿನ ಮುದ್ದು ಹೆಸರು ಸಹ.

"ಹತ್ತು ವರ್ಷದಿಂದ ಊಟ ಕಳಿಸ್ತಿದೀವಿ," ಎಂದಳು, "ಬರೀ ಹೆಂಡತಿ ಅಂತ."

ಮರುದಿನ ಅಚ್ಚಾಗಿ ಬಂದ ಹಾಳೆಯಲ್ಲಿ ೨೧೪ರ ಕೆಳಗೆ ಎರಡು ಸಾಲುಗಳಿದ್ದವು. ಆ ಮನೆಗೆ ನಾನೇ ಹೋಗುತ್ತೇನೆಂದು ಹಟ ಹಿಡಿದೆ. ಮೆಟ್ಟಿಲ ಮೇಲೆ ಹಿಮ ಕರಗಿ ಜಾರುತ್ತಿತ್ತು, ವೆಂಡೆಲ್ ನನ್ನ ಮೊಣಕೈ ಹಿಡಿದುಕೊಂಡ.

ಐನೋ ಬಾಗಿಲು ತೆಗೆದ. ಬಿಸಿ ಟ್ರೇ ಅವನ ಕೈಗಿತ್ತೆ.

ಮಹಡಿಯಿಂದ ಮೀಲ್ಕಾಳ ದನಿ ಕೇಳಿಸಿತು. "ಐನೋ, ಬಂತಾ?"

"ಬಂತು, ತರ್ತೀನಿ," ಎಂದು ಅವನು ರೂಢಿಯಂತೆ ಮೆಟ್ಟಿಲ ಕಡೆ ತಿರುಗಿದ.

ನಾನು ಅವನ ತೋಳು ಮುಟ್ಟಿದೆ. ಎರಡನೆಯ ಟ್ರೇ ಹಿಡಿದು ವೆಂಡೆಲ್ ಹಿಂದೆಯೇ ನಿಂತಿದ್ದ. ಅದರ ಮೇಲಿನ ಚೀಟಿಯಲ್ಲಿ "ಐನೋ ಸಾರಿ, ಸಕ್ಕರೆ ಇಲ್ಲ" ಎಂದಿತ್ತು. ಐನೋ ಅದನ್ನು ಎರಡು ಸಲ ಓದಿದ. ನಾನು ವೆಂಡೆಲ್ ಕೈಯಿಂದ ಟ್ರೇ ತೆಗೆದುಕೊಂಡು ಐನೋನ ಇನ್ನೊಂದು ಕೈಯಲ್ಲಿಟ್ಟೆ.