ಧಿಕ್ಕಾರ ಕೂಗುವ ಕಾಲೇಜು

ಅದು ತೊಂಬತ್ತೊಂಬತ್ತನೇ ಇಸವಿ. ಪಿಯುಸಿ ಫಲಿತಾಂಶ ಬಂದು ಎಷ್ಟೋ ದಿನವಾದರೂ ರಂಗಪ್ಪನ ಮನೆಯಲ್ಲಿ ಒಂದು ಮಾತು ಇತ್ಯರ್ಥವಾಗಿರಲಿಲ್ಲ. ಮಗಳು ಮೈತ್ರಿ ಬಿ.ಎ.ಗೆ ಸೇರುವುದು ಎಲ್ಲಿ? ಭದ್ರಾವತಿಯಲ್ಲೇ, ನಡೆದು ಹೋಗುವಷ್ಟು ಹತ್ತಿರ ಒಂದು ಕಾಲೇಜಿತ್ತು. ಸದ್ದುಗದ್ದಲ ಇಲ್ಲದ್ದು. ಇನ್ನೊಂದು ಶಿವಮೊಗ್ಗದಲ್ಲಿ. ಅಲ್ಲಿ ದೊಡ್ಡ ಲೈಬ್ರರಿ, ಒಳ್ಳೆಯ ಮೇಷ್ಟ್ರುಗಳು. ಜೊತೆಗೆ ವಿದ್ಯಾರ್ಥಿ ಸಂಘಟನೆಗಳು, ಮೆರವಣಿಗೆ, ಧರಣಿ.

"ಅಲ್ಲಿ ಪಾಠಕ್ಕಿಂತ ಧಿಕ್ಕಾರ ಕೂಗೋದೇ ಜಾಸ್ತಿ," ಎಂದ ರಂಗಪ್ಪ, ಆಗಷ್ಟೇ ಶಿಫ್ಟ್ ಮುಗಿಸಿ ಬಂದವನು. "ಕಾರ್ಖಾನೇಲಿ ನಾವು ಸ್ಟ್ರೈಕು ನೋಡಿದ್ದು ಸಾಲ್ದಾ? ಹೆಣ್ಣುಮಗೂಗೆ ಯಾಕೆ ಬೇಕು ಇದೆಲ್ಲ?"

"ಅಲ್ಲೇ ಸೇರ್ಲಿ ಕಣ್ರೀ," ಎಂದಳು ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಹೆಂಡತಿ ಕರಿಬಸಮ್ಮ.

ಅವಳ ತವರು ಶಿವಮೊಗ್ಗಕ್ಕೆ ಹೋಗುವ ರಸ್ತೆಯ ಮಲವಗೊಪ್ಪ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅವಳೂ ಶಿವಮೊಗ್ಗದಲ್ಲಿ ಕಾಲೇಜಿಗೆ ಸೇರಬೇಕಿತ್ತು. ಆಗಲೂ ವಿದ್ಯಾರ್ಥಿಗಳ ಗಲಾಟೆ ನಡೆದಿತ್ತು. "ಎಲ್ಲ ತಣ್ಣಗಾಗ್ಲಿ, ಮುಂದಿನ ವರ್ಷ ನೋಡಣ," ಅಂದಿದ್ದರು ಅವಳ ಅಪ್ಪ. ಮುಂದಿನ ವರ್ಷ ಮದುವೆಯಾಯಿತು. ನಡುವಿನ ಆ ಒಂದು ವರ್ಷ ಅವಳು ರಸ್ತೆ ಬದಿಯ ನಲ್ಲಿಗೆ ಕೊಡ ಹಿಡಿದು ನಿಂತಾಗಲೆಲ್ಲ ಬಸ್ಸಿನ ಕಿಟಕಿಗಳನ್ನೇ ನೋಡುತ್ತಿದ್ದಳು. ಪುಸ್ತಕ ಎದೆಗವಚಿಕೊಂಡ ಹುಡುಗಿಯರು ನಗುತ್ತಾ ಹೋಗುತ್ತಿದ್ದರು. ಕೊಡ ತುಂಬಿ ಹರಿದಿದ್ದು ಎಷ್ಟೋ ಸಲ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

"ಅಮ್ಮಾ, ನಂಗೆ ಆ ಕಾಲೇಜು ಅಂದ್ರೆ ಹೆದ್ರಿಕೆ," ಎಂದಳು ಮೈತ್ರಿ. "ನಿಂಗೆ ಹೋಗ್ಬೇಕು ಅಂತ ಆಸೆ ಇತ್ತು. ಅದಕ್ಕೆ ನನ್ನ ಕಳಿಸ್ತೀಯಾ?"

ಮೆಷಿನ್ ನಿಂತಿತು.

ರವಿಕೆ ಒಯ್ಯಲು ಬಂದಿದ್ದ ಪಕ್ಕದ ಸಾಲಿನ ಮನೆಯ ಸುಮನಾ ಬಾಗಿಲಲ್ಲೇ ಇದನ್ನು ಕೇಳಿಸಿಕೊಂಡಳು. ಅವಳು ಶಿವಮೊಗ್ಗದ ಅದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು.

"ಅಲ್ಲ ಅಂಕಲ್, ಇಲ್ಲೇ ಕೂತು ಜಗಳ ಆಡಿದ್ರೆ ಹೆಂಗೆ? ನಿಮ್ಮ ರಜಾ ದಿನ ಮೂವರೂ ಬನ್ನಿ. ಕಣ್ಣಾರೆ ನೋಡಿ, ಬೇಕಾದ್ದು ಕೇಳಿ."

ಹಾಗೆ ಮೂವರೂ ಹೋದರು. ಗೇಟು ದಾಟಿದ್ದೇ ರಂಗಪ್ಪನ ಹುಬ್ಬು ಗಂಟಿಕ್ಕಿತು. ಮೆಟ್ಟಿಲ ಮೇಲೆ ಹತ್ತಿಪ್ಪತ್ತು ಜನ ಫಲಕ ಹಿಡಿದು ಕೂತಿದ್ದರು.

"ನೋಡ್ದೇನೇ ಮಾರಾಯ್ತಿ? ನಾನು ಹೇಳಿರ್ಲಿಲ್ವಾ?"

"ಹುಡುಗೀರ ಶೌಚಾಲಯಕ್ಕೆ ನೀರು ಬರ್ತಿಲ್ಲ ಅಂಕಲ್. ಅದಕ್ಕೆ," ಎಂದಳು ಸುಮನಾ.

ಅಷ್ಟರಲ್ಲಿ ಬೆಲ್ ಹೊಡೆಯಿತು. ಫಲಕ ಗೋಡೆಗೆ ಒರಗಿಸಿ ಎಲ್ಲರೂ ಎದ್ದು ಕ್ಲಾಸಿಗೆ ಹೋದರು. ರಂಗಪ್ಪ ಅವರನ್ನೇ ನೋಡುತ್ತಾ ನಿಂತ.

ಆಫೀಸಿನ ಹತ್ತಿರ ಸಿಕ್ಕ ಇತಿಹಾಸದ ಮೇಡಂ ಅವರನ್ನು ಅವನು ನೇರವಾಗಿಯೇ ಕೇಳಿದ: "ಹೋದ ವರ್ಷ ಪಾಠ ಎಷ್ಟು ದಿನ ನಿಂತಿತ್ತು ಮೇಡಂ?"

"ಒಂದು ವಾರ ನಿಂತಿತ್ತು. ಸುಳ್ಳು ಹೇಳಲ್ಲ. ಭಾನುವಾರ ಭಾನುವಾರ ಕರೆಸಿ ಪಾಠ ಮುಗಿಸಿದ್ವಿ. ಪರೀಕ್ಷೆ ತಡ ಆಗ್ಲಿಲ್ಲ."

ಮೈತ್ರಿ ಸುಮನಾಳ ಕೈ ಹಿಡಿದು ಪಕ್ಕಕ್ಕೆ ಎಳೆದಳು. "ಸಂಘಟನೆಗೆ ಸೇರ್ಲೇಬೇಕಾ?"

"ಯಾರು ಹೇಳಿದ್ದು? ನಾನು ಮೊದಲನೇ ವರ್ಷ ಯಾವುದಕ್ಕೂ ಸೇರ್ಲಿಲ್ಲ. ಎಲ್ಲರ ಮಾತೂ ಕೇಳ್ದೆ, ಅಷ್ಟೆ. ಒಬ್ಬ ಖಾಲಿ ಹಾಳೆ ಕೊಟ್ಟು ಸೈನ್ ಮಾಡು ಅಂದ. ಮೊದ್ಲು ಏನಂತ ಬರಿ, ಓದ್ತೀನಿ, ಆಮೇಲೆ ನೋಡಣ ಅಂದೆ. ಕಲ್ಲು ಹೊಡಿಯಣ ಅಂದವರ ಹತ್ರಾನೂ ಹೋಗ್ಲಿಲ್ಲ. ಬಲವಂತ ಮಾಡಿದ್ರೆ ಮೇಡಂಗೆ ಹೇಳು. ಮನೇಲೂ ಹೇಳು, ಮುಚ್ಚಿಡ್ಬೇಡ."

ಅತ್ತ ಕರಿಬಸಮ್ಮ ಕಾರಿಡಾರಿನಲ್ಲಿ ಒಬ್ಬಳೇ ನಡೆಯುತ್ತಾ ಒಂದು ಕ್ಲಾಸಿನ ಕಿಟಕಿ ಬಳಿ ನಿಂತಿದ್ದಳು. ಒಳಗೆ ಒಬ್ಬ ಹುಡುಗಿ ಎದ್ದು, "ಸಾರ್, ನೀವು ಹೇಳಿದ್ದು ನಂಗೆ ಒಪ್ಪಿಗೆ ಇಲ್ಲ," ಅನ್ನುತ್ತಿದ್ದಳು. ಮೇಷ್ಟ್ರು ಸಿಟ್ಟಾಗಲಿಲ್ಲ. "ಯಾಕಮ್ಮ, ಹೇಳು," ಎಂದು ಮೇಜಿಗೆ ಒರಗಿ ನಿಂತರು. ಹುಡುಗಿ ಹೇಳತೊಡಗಿದಳು. ಇಡೀ ಕ್ಲಾಸು ಕೇಳುತ್ತಿತ್ತು.

ಕರಿಬಸಮ್ಮ ಕಿಟಕಿಯ ಸರಳು ಹಿಡಿದುಕೊಂಡಳು. ಅಪ್ಪನ ಮುಂದೆ ಅವತ್ತು ತನಗೂ ಇಷ್ಟು ಮಾತಾಡಲು ಬಂದಿದ್ದರೆ! ಕೊನೆಯ ಬೆಂಚಿನಲ್ಲಿ ಒಂದು ಜಾಗ ಖಾಲಿ ಇತ್ತು. ಹೋಗಿ ಕೂತುಬಿಡಲೇ ಅನ್ನಿಸಿತು, ಒಂದೇ ಒಂದು ಪೀರಿಯಡ್ಡು.

"ಅಮ್ಮಾ, ಅಳ್ತಿದೀಯಾ?" ಹಿಂದೆ ಮೈತ್ರಿ ಬಂದು ನಿಂತಿದ್ದಳು.

ಕರಿಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀನು ಅವತ್ತು ಹೇಳಿದ್ದು ನಿಜ ಕಣೆ. ಆಸೆ ನಂದು. ಓದೋಳು ನೀನು. ಊರಲ್ಲೇ ಓದ್ತೀನಿ ಅಂದ್ರೂ ನಂಗೆ ಬೇಜಾರಿಲ್ಲ."

ಮೈತ್ರಿ ಸ್ವಲ್ಪ ಹೊತ್ತು ಕಿಟಕಿಯೊಳಗೆ ನೋಡಿದಳು. ಆ ಹುಡುಗಿ ಇನ್ನೂ ಮಾತಾಡುತ್ತಲೇ ಇದ್ದಳು.

"ಇಲ್ಲೇ ಸೇರ್ತೀನಮ್ಮ," ಎಂದಳು. "ನಿಂಗೋಸ್ಕರ ಅಲ್ಲ. ನಾನೂ ಹಂಗೆ ಎದ್ದು ನಿಂತು ಮಾತಾಡೋದು ಕಲೀಬೇಕು."

ವಾಪಸು ಬರುವಾಗ ಬಸ್ಸು ಅರ್ಧ ದಾರಿ ಬಂದಿತ್ತು. ರಂಗಪ್ಪ ಮಗಳ ಕಡೆ ತಿರುಗಿ ಹೇಳಿದ: "ಪಾಠ ತಪ್ಪಿಸ್ಕೂಡ್ದು. ಧರಣಿಗೆ ಕೂರೋದಾದ್ರೆ ಯಾಕೆ ಕೂತಿದೀನಿ ಅಂತ ನಂಗೂ ಬಂದು ಹೇಳ್ಬೇಕು. ಅಷ್ಟಾದ್ರೆ ಸೇರು."

ಮೈತ್ರಿಯ ಕ್ಲಾಸು ಶುರುವಾದ ದಿನ ಕರಿಬಸಮ್ಮ ಅವಳ ಜೊತೆ ಬಸ್ ಸ್ಟ್ಯಾಂಡಿನವರೆಗೂ ಹೋದಳು. ಬಸ್ಸು ಹೊರಟಿತು. ಸಂಜೆ ಮೈತ್ರಿ ಬಂದವಳೇ ಚೀಲ ಕೂಡ ಇಳಿಸದೆ ಅಡಿಗೆಮನೆಗೆ ಹೋಗಿ ಅಮ್ಮನ ಎದುರು ಕೂತಳು.

"ಮೊದಲನೇ ಪೀರಿಯಡ್ಡಿಂದ ಹೇಳು," ಎಂದಳು ಕರಿಬಸಮ್ಮ. "ಒಂದೂ ಬಿಡ್ಬೇಡ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಸೇರುವ ಮಕ್ಕಳಿದ್ದಾರಲ್ಲವೇ? ಗಲಾಟೆ ಕಾಲೇಜು ಎಂದು ಯಾರೋ ಅಂದ ಮಾತಿಗೆ ಬಾಗಿಲು ಹಾಕಬೇಡಿ. ಹೆಸರು ದೊಡ್ಡದೆಂದು ಕಣ್ಣು ಮುಚ್ಚಿ ಸೇರಿಸಲೂ ಬೇಡಿ. ಮಕ್ಕಳ ಜೊತೆ ಹೋಗಿ. ಪಾಠ ಸರಿಯಾಗಿ ನಡೆಯುತ್ತದೆಯೇ, ಒಲ್ಲೆ ಎಂದವರನ್ನು ಅವರ ಪಾಡಿಗೆ ಬಿಡುತ್ತಾರೆಯೇ, ತೊಂದರೆಯಾದರೆ ಯಾರಿಗೆ ಹೇಳಬೇಕು ಎಂದು ಅಲ್ಲಿ ಓದುವವರನ್ನೇ ವಿಚಾರಿಸಿ. ನಿಮ್ಮ ಭಯವನ್ನೂ ಹೇಳಿ, ಆಸೆಯನ್ನೂ ಹೇಳಿ. ಆಯ್ಕೆ ಮಾತ್ರ ಮಕ್ಕಳಿಗೆ ಬಿಡಿ.