ಎಡಗಡೆಯ ಅರ್ಧ ಇಂಚು

"ಯಾರ ಮೈಮ್ಯಾಲರ ಏನರ ಕಂಡ್ರ ಬಾಯಿಬಿಟ್ಟು ಹೇಳ್ತೀನಿ ಅಕ್ಕಾ, ನಾಚೂದಿಲ್ಲ" ಎಂದು ಕಮಲಾಕ್ಷಿ ತನ್ನ ಅಕ್ಕ ವಿಮಲಾಳ ಕೈ ಹಿಡಿದು ಮಾತು ಕೊಟ್ಟು ಹನ್ನೊಂದು ವರ್ಷವಾಯಿತು. ಆಗ ನಾನು ಅಕ್ಕ ಕಾಯಿಲೆ ಮಲಗಿದ್ದ ಮಂಚದ ಸರಳಿಗೆ ಜೋತುಬಿದ್ದಿದ್ದೆ.

ನಾನು ಒಂದು ಅಳತೆ ಟೇಪು. ಹಳದಿ ಮೈ, ಕಪ್ಪು ಅಂಕಿ, ಉದ್ದ ಅರವತ್ತು ಇಂಚು. ಹುಟ್ಟಿದ ಕಾರ್ಖಾನೆಯ ನೆನಪು ಅಷ್ಟಿಲ್ಲ. ಮೈತುಂಬ ಅಂಕಿ ಒತ್ತಿಸಿಕೊಂಡದ್ದು, ಆಮೇಲೆ ಗದಗಿನ ಒಂದು ಗುಂಡಿ-ದಾರದ ಅಂಗಡಿಯಲ್ಲಿ ಸುರುಳಿಯಾಗಿ ಕೂತದ್ದು, ಅಷ್ಟೇ. ಅಲ್ಲಿಂದ ನನ್ನನ್ನು ಕೊಂಡು ತಂದವಳು ವಿಮಲಾ. ಓಣಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿಯುತ್ತಿದ್ದಳು. ಅವಳದೇ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿದಾಗ "ನೋವಿಲ್ಲಲ್ಲ, ಬಿಡು" ಎಂದುಕೊಂಡು ಒಂದು ವರ್ಷ ಯಾರಿಗೂ ಹೇಳಲಿಲ್ಲ. ನೋವಿಲ್ಲದ ಗಂಟನ್ನೂ ತೋರಿಸಬೇಕು ಎಂದು ಡಾಕ್ಟರು ಹೇಳುವ ಹೊತ್ತಿಗೆ ರೋಗ ಕಂಕುಳು ದಾಟಿ ಹೋಗಿತ್ತು. ಆ ಸಂಕಟದಲ್ಲೇ ಅವಳು ತಂಗಿಯಿಂದ ಮಾತು ತೆಗೆದುಕೊಂಡಳು. ಎರಡು ತಿಂಗಳಿಗೆ ತೀರಿಹೋದಳು. ಅವಳ ಹೊಲಿಗೆ ಮಷೀನು ಕಮಲಾಕ್ಷಿಯ ಪಾಲಿಗೆ ಬಂತು, ನಾನು ಅವಳ ಕೊರಳಿಗೆ ಬಂದೆ.

ಕಮಲಾಕ್ಷಿ ಕೆಟ್ಟವಳಲ್ಲ. ಗಂಡ ಲಾರಿಯ ಮೇಲೆ ಹೋದರೆ ಹದಿನೈದು ದಿನ ಪತ್ತೆಯಿಲ್ಲ. ಎರಡು ಮಕ್ಕಳ ಸಾಲೆ, ಡಬ್ಬಿ, ಜ್ವರ, ವಾರಕ್ಕೊಮ್ಮೆ ಬರುವ ನಳದ ನೀರು, ಎಲ್ಲವೂ ಅವಳ ತಲೆಯ ಮೇಲೆ. ಅದು ನನಗೆ ಗೊತ್ತು. ಗೊತ್ತಿದ್ದೂ ನನಗೆ ಅವಳ ಮೇಲೆ ಸಿಟ್ಟಿದೆ.

ಮೊದಲ ಸಿಟ್ಟು ಈ ಅಳತೆ ಬ್ಲೌಸಿನ ಪದ್ಧತಿಯ ಮೇಲೆ. ಹೊಸ ಬಟ್ಟೆಯ ಜೊತೆ ಹಳೆಯದೊಂದು ಬ್ಲೌಸನ್ನು ಚೀಲಕ್ಕೆ ತುರುಕಿ, "ಇದರ ಅಳತಿ ಹೊಲೀರಿ" ಎಂದು ಕೊಟ್ಟು ಹೋಗುತ್ತಾರೆ. ಮೈ ಅಳೆಸಿಕೊಳ್ಳಲು ನಾಚಿಕೆ. ಕಮಲಾಕ್ಷಿಗೂ ಅದೇ ಹಗುರ. ಹೀಗಾಗಿ ನಾನು ಮೇಜಿನ ಮೇಲೆ ಹಾಸಿದ ಬಟ್ಟೆಯನ್ನು ಅಳೆಯುತ್ತೇನೆ, ಹೆಂಗಸನ್ನಲ್ಲ. ಐದು ವರ್ಷದ ಹಿಂದಿನ ಮೈಯನ್ನೇ ಇವತ್ತಿನದೆಂದು ನಂಬಿ ಕತ್ತರಿ ಓಡುತ್ತದೆ.

ಹೋದ ಶ್ರಾವಣದಲ್ಲಿ ದಾಕ್ಷಾಯಣಿ ಬಂದಳು. ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಬಾಯಿ ಬಲು ಜೋರು.

"ಕಮಲಕ್ಕಾ, ಎಡಗಡೆ ಯಾಕೋ ಹಿಡಿಯಾಕ ಹತ್ತೇತಿ. ಅರ್ಧ ಇಂಚ್ ಬಿಡ್ರಿ."

"ಸಾಲೀ ಹುಡುಗ್ರ ಅನ್ನಾ ಎಲ್ಲಾ ನೀವ ಉಣ್ತೀರೇನ್ರಿ?"

"ಹಂಗ ಉಂಡಿದ್ರ ಎರಡೂ ಕಡೆ ಬೆಳೀಬೇಕಿತ್ತಲ್ಲವಾ!"

ಇಬ್ಬರೂ ನಕ್ಕರು. ಅವಳು ಹೋದ ಮೇಲೆ ಕಮಲಾಕ್ಷಿ ಆ ಅಳತೆ ಬ್ಲೌಸನ್ನು ಒಳಹೊರಗೆ ಮಾಡಿದಳು. ಎಡಗಡೆ, ಒಳಮೈಗೆ, ಗುಂಡಿಯಷ್ಟು ಅಗಲದ ಕಂದು ಕಲೆ. ಒಗೆದೂ ಹೋಗದ ಕಲೆ. ಅಡುಗೆಯ ಎಣ್ಣೆ ಸಿಡಿದಿದ್ದರೆ ಹೊರಗಿರಬೇಕಿತ್ತು; ಇದು ಎದೆಯಿಂದಲೇ ಒಸರಿದ್ದು. ಅವಳ ಕೈ ನಿಂತಿತು. "ಜಂಪರ್ ಒಯ್ಯಾಕ ಬಂದಾಗ ಹೇಳ್ತೀನಿ" ಎಂದು ತನಗೆ ತಾನೇ ಅಂದುಕೊಂಡಳು.

ಬಂದ ದಿನ ದಾಕ್ಷಾಯಣಿಯ ಜೊತೆ ಅತ್ತೆಯಿದ್ದಳು, ಹಿತ್ತಲಲ್ಲಿ ನಳ ಬಂದಿತ್ತು. ಮಾತು ಹೊರಬರಲಿಲ್ಲ.

ದೀಪಾವಳಿಗೆ ಮತ್ತೆ ಬಂದಳು, ಮತ್ತೆ ಅದೇ ಎಡಗಡೆ. ಈ ಸಲ ಬೇರೆ ಯಾರೂ ಇರಲಿಲ್ಲ. ನಾನು ಕಾದೆ.

"ಮೈ ಅಳತಿ ತಗೋಲೇನ್ರಿ?" ಎಂದಳು ಕಮಲಾಕ್ಷಿ.

"ಏ, ನಾಚಿಕೆವಾ! ಯಾರರ ಬಂದ್ಗಿಂದಾರು. ಇನ್ನೊಂದ್ ಅರ್ಧ ಇಂಚ್ ಬಿಡ್ರಿ, ಸಾಕು."

"ಅಲ್ರೀ, ಅದು..."

"ಏನದು?"

"ಏನಿಲ್ಲ ಬಿಡ್ರಿ. ಶುಕ್ರವಾರ ಬರ್ರಿ."

ಏನಿಲ್ಲವಂತೆ! ನನಗೆ ಅಂಕಿ ಕೊಟ್ಟವರು ಬಾಯಿ ಕೊಡಲಿಲ್ಲ. ಬಾಯಿ ಇದ್ದವಳು ಮಷೀನು ತುಳಿಯುತ್ತ ಕೂತಳು. ಅವಳ ಕೊರಳಿಂದ ಜಾರಿ ನೆಲಕ್ಕೆ ಬಿದ್ದೆ. ನನ್ನಿಂದಾಗುವುದು ಅಷ್ಟೇ. ಎತ್ತಿ ಮತ್ತೆ ಕೊರಳಿಗೆ ಹಾಕಿಕೊಂಡಳು.

ಯುಗಾದಿಯ ಹೊತ್ತಿಗೆ ದಾಕ್ಷಾಯಣಿ ಮಗಳ ತೋಳು ಹಿಡಿದು ಬಂದಳು. ತಲೆತುಂಬ ಸೆರಗು, ಕೆಳಗೆ ಕೂದಲಿರಲಿಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ, ಇನ್ನೂ ಔಷಧಿ ಏರಿಸುತ್ತಿದ್ದರು.

"ಹಳೇ ಅಳತಿ ಯಾವುದೂ ಬರೂದಿಲ್ಲ ಕಮಲಕ್ಕಾ. ಮೈ ಅಳತೀನ ತಗೋರಿ. ಎಡಗಡೆ ಒಳಗೊಂದು ಕಿಸೆ ಹೊಲೀರಿ, ಹತ್ತಿ ಅರಳಿ ತುಂಬಿ ಇಡಾಕ."

ನಾನು ಮೊದಲ ಬಾರಿಗೆ ಅವಳ ಮೈ ಸುತ್ತಿದೆ. ಎಡಗಡೆ ಚಪ್ಪಟೆ.

"ಆರು ತಿಂಗಳ ಮೊದ್ಲ ಬಂದಿದ್ರ ಬರೇ ಗಂಟಷ್ಟ ತಗೀಬಹುದಿತ್ತು ಅಂದ್ರು ಡಾಕ್ಟರು. ಜಂಪರಿಗೆ ಕಲಿ ಆಗೂದು ನೋಡಿದ್ನಿ, ಬೆವರಂತ ತಿಳಕೊಂಡ್ನಿ. ನನಗೇನ್ ತಿಳೀತೈತಿ? ನಿಮಗೂ ಕಂಡಿತ್ತೇನ್ರಿ?"

ಕಮಲಾಕ್ಷಿ ನನ್ನ ಮೂವತ್ತಾರನೆಯ ಅಂಕಿಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದಳು.

"ಕಂಡಿತ್ರಿ."

"ಯಾವಾಗ?"

"ಶ್ರಾವಣದಾಗ."

ದಾಕ್ಷಾಯಣಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ತಲೆಯ ಸೆರಗು ಸರಿಮಾಡಿಕೊಂಡು, "ಮೆತ್ತನ್ನ ಅರಿವಿ ಹಾಕ್ರಿ, ಹೊಲಿಗಿ ಚುಚ್ಚತೈತಿ" ಎಂದಷ್ಟೇ ಅಂದಳು.

ಈಗ ನಾನು ಹಿಗ್ಗಿಹೋಗಿದ್ದೇನೆ, ಅಂಕಿಗಳು ಅಳಿಸಿವೆ. ಹೊಸ ಟೇಪು ಬಂದಿದೆ. ನನ್ನಿಂದ ಕಿಟಕಿಯ ಪರದೆ ಕಟ್ಟಿದ್ದಾರೆ. ಇಲ್ಲಿಂದ ಎಲ್ಲ ಕಾಣುತ್ತದೆ. ಕಮಲಾಕ್ಷಿ ಈಗ ಅಳತೆ ಬ್ಲೌಸು ಮುಟ್ಟುವುದಿಲ್ಲ. ಬಂದವರನ್ನೆಲ್ಲ ಒಳಗೆ ಕರೆದು, ತಿಂಗಳಿಗೊಮ್ಮೆ ಎದೆ, ಕಂಕುಳು ಮುಟ್ಟಿ ನೋಡಿಕೊಳ್ಳಿರಿ, ಗಂಟಾಗಲಿ, ಕಲೆಯಾಗಲಿ, ಒಂದೇ ಕಡೆ ದಪ್ಪವಾಗಲಿ, ಆ ವಾರವೇ ಆಸ್ಪತ್ರೆಗೆ ಹೋಗಿರಿ ಎನ್ನುತ್ತಾಳೆ. "ಟೇಲರ್ ಬಿಟ್ಟು ಡಾಕ್ಟರ್ ಯಾವಾಗ ಆದಿವಾ?" ಎಂದು ನಕ್ಕು ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಇವಳು ಬಿಡುವುದಿಲ್ಲ. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ನಾಚಿಕೆ ಯಾಕೆ ಅಡ್ಡ ನಿಂತಿತ್ತೋ, ಸಾವಿರಾರು ಬ್ಲೌಸಿನ ಎದೆ ಬೆನ್ನು ಅಳೆದ ನನಗೆ ಇನ್ನೂ ತಿಳಿದಿಲ್ಲ.

ವಿಮಲಾಳಿಗೆ ಕೊಟ್ಟ ಮಾತನ್ನು ಅವಳ ತಂಗಿ ಬೇಕಾದ ಹೊತ್ತಿನಲ್ಲಿ ಉಳಿಸಿಕೊಳ್ಳಲಿಲ್ಲ.